‘ಬ್ಯಾಟರಿ ಫೇಲ್’ ಎಂದು ಬರೆದರೆ ಕಾರಣ ಬರೆದಂತಲ್ಲ

ಮಾನ್ಯ ಸಂಪಾದಕರೇ,

ಕಳೆದ ಏಪ್ರಿಲ್‌ನಲ್ಲಿ ಚಿತ್ರದುರ್ಗದಿಂದ ದಾವಣಗೆರೆಗೆ ಮರಳುತ್ತಿದ್ದಾಗ, ಭರಮಸಾಗರದ ಬಳಿ ಚಹಾ ಕುಡಿಯಲು ನಿಲ್ಲಿಸಿದ ನಮ್ಮ ವಿದ್ಯುತ್ ಕಾರು ಮತ್ತೆ ಹೊರಡಲೇ ಇಲ್ಲ. ನಿಲ್ಲಿಸುವಾಗ ಚಾರ್ಜ್ ಶೇ 60ಕ್ಕಿಂತ ಹೆಚ್ಚೇ ಇತ್ತು. ಬೇರೊಂದು ಗಾಡಿಯ ಮೇಲೆ ಹೇರಿಸಿ ಸರ್ವಿಸ್ ಸೆಂಟರ್‌ಗೆ ತಲುಪಿಸಿದಾಗ ಜಾಬ್ ಕಾರ್ಡ್‌ನಲ್ಲಿ ಬರೆದುಕೊಟ್ಟದ್ದು ‘ಬ್ಯಾಟರಿ ಫೇಲ್’ ಎಂಬ ಎರಡು ಪದ. ಕಾರನ್ನು ಓಡಿಸುವ ದೊಡ್ಡ ಬ್ಯಾಟರಿಯ ಹೊಸ ಪ್ಯಾಕ್‌ಗೆ ಎಷ್ಟು ಲಕ್ಷವಾದೀತೆಂದು ಮನೆಯವರೆಲ್ಲ ಲೆಕ್ಕ ಹಾಕುತ್ತ ಮೂರು ದಿನ ಕಳೆದ ಮೇಲೆ, ಕೆಟ್ಟದ್ದು ಬಾನೆಟ್ಟಿನ ಅಡಿಯ 12 ವೋಲ್ಟ್‌ನ ಚಿಕ್ಕ ಬ್ಯಾಟರಿ ಎಂದು ತಿಳಿಯಿತು. ದೊಡ್ಡ ಬ್ಯಾಟರಿಯನ್ನು ಮೋಟಾರಿನ ಕಡೆಗೆ ಸೇರಿಸುವ ಕಾಂಟ್ಯಾಕ್ಟರ್ ಸ್ವಿಚ್ಚುಗಳು ಈ ಚಿಕ್ಕದರ ಬಲದಿಂದಲೇ ಕೂಡಿಕೊಳ್ಳುವುದರಿಂದ, ಇದು ಸತ್ತರೆ ಅದು ತುಂಬಿದ್ದೂ ಉಪಯೋಗವಿಲ್ಲ. ಜಾಬ್ ಕಾರ್ಡ್ ಬರೆದವರು ಸುಳ್ಳು ಹೇಳಿರಲಿಲ್ಲ. ಅದೂ ಬ್ಯಾಟರಿಯೇ ತಾನೆ!

ನಮ್ಮ ಜಿಲ್ಲೆಗಳಲ್ಲಿ ಬೋರ್‌ವೆಲ್ ಮೋಟಾರ್ ಸುಟ್ಟುಹೋದರೆ ರೈತರು ಅದನ್ನು ವೈಂಡಿಂಗ್ ಅಂಗಡಿಗೆ ತರುತ್ತಾರೆ. ಅಲ್ಲಿನ ಕೆಲಸಗಾರ ‘ಮೋಟಾರ್ ಫೇಲ್’ ಎಂದು ಹೇಳಿ ಸುಮ್ಮನಾಗುವುದಿಲ್ಲ. ಬಿಚ್ಚಿ ನೋಡಿ, ಸುರುಳಿಯ ಕೆಲವು ಭಾಗ ಮಾತ್ರ ಕಪ್ಪಾಗಿದ್ದರೆ ಒಂದು ಫೇಸ್ ತಪ್ಪಿತ್ತೆಂದೂ, ಎಲ್ಲವೂ ಒಂದೇ ಸಮ ಕಪ್ಪಾಗಿದ್ದರೆ ಹೊರೆ ಹೆಚ್ಚಾಗಿತ್ತು ಅಥವಾ ವೋಲ್ಟೇಜ್ ಸಾಲದಾಗಿತ್ತೆಂದೂ, ನೀರಿಲ್ಲದೆ ಓಡಿದ್ದರೆ ಅದನ್ನೂ ಅವನು ಹೇಳಿಬಿಡುತ್ತಾನೆ. ಕೆಟ್ಟ ಭಾಗ ಒಂದು, ಕೆಡಿಸಿದ ಕಾರಣ ಇನ್ನೊಂದು ಎಂಬುದು ಅವನಿಗೆ ಗೊತ್ತು. ಹತ್ತಾರು ಲಕ್ಷ ರೂಪಾಯಿಯ ಕಾರಿನ ವಿಷಯದಲ್ಲಿ ಈ ವಿವೇಕ ಏಕೆ ಕಾಣುವುದಿಲ್ಲವೋ ತಿಳಿಯದು.

ವಿದ್ಯುತ್ ಜಾಲಕ್ಕೆ ಜೋಡಿಸಿದ ದೊಡ್ಡ ಬ್ಯಾಟರಿ ಸಂಗ್ರಹಾಗಾರಗಳ ಅವಘಡಗಳನ್ನು ಅಮೆರಿಕದ ವಿದ್ಯುತ್ ಸಂಶೋಧನಾ ಸಂಸ್ಥೆ ಇಪಿಆರ್‌ಐ 2024ರಲ್ಲಿ ವಿಂಗಡಿಸಿದಾಗ ಅನುಸರಿಸಿದ್ದು ಇದೇ ಕ್ರಮವನ್ನು. ಯಾವ ಭಾಗ ಕೆಟ್ಟಿತು ಎಂಬುದು ಒಂದು ಕಲಂ; ದೋಷ ಹುಟ್ಟಿದ್ದು ವಿನ್ಯಾಸದಲ್ಲೋ, ತಯಾರಿಕೆಯಲ್ಲೋ, ಜೋಡಣೆಯಲ್ಲೋ, ಬಳಕೆಯಲ್ಲೋ ಎಂಬುದು ಇನ್ನೊಂದು. ದಾಖಲಾಗಿದ್ದ 81 ಘಟನೆಗಳಲ್ಲಿ ಕಾರಣವನ್ನು ವಿಂಗಡಿಸಲು ಸಾಕಾಗುವಷ್ಟು ಮಾಹಿತಿ ಸಿಕ್ಕಿದ್ದು 26ಕ್ಕೆ ಮಾತ್ರ. ಅವುಗಳಲ್ಲಿಯೂ, ವಿದ್ಯುತ್ ತುಂಬಿಟ್ಟುಕೊಳ್ಳುವ ಬಿಡಿ ಘಟಕಗಳಾದ ಸೆಲ್‌ಗಳಿಗಿಂತ ಹೆಚ್ಚಾಗಿ ಕೈಕೊಟ್ಟಿದ್ದು ನಿಯಂತ್ರಣ ವ್ಯವಸ್ಥೆ ಮತ್ತು ಸುತ್ತಲಿನ ಇತರ ಸಲಕರಣೆಗಳು.

ಕಾರಿಗೆ ಬಂದರೆ ಈ ಎರಡು ಕಲಂಗಳ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಷೆವರ್ಲೆ ಬೋಲ್ಟ್ ಕಾರುಗಳಿಗೆ ಬೆಂಕಿ ಹತ್ತಿದ ಪ್ರಕರಣಗಳ ತನಿಖೆಯಲ್ಲಿ, ಟ್ಯಾಬ್ ಎಂದು ಕರೆಯುವ ಋಣಧ್ರುವದ ತಗಡಿನ ನಾಲಿಗೆ ಹರಿದಿರುವುದು ಮತ್ತು ಎರಡು ಧ್ರುವಗಳು ತಾಗದಂತೆ ನಡುವೆ ಇಡುವ ತೆಳುಹಾಳೆ ಮಡಚಿರುವುದು, ಈ ಎರಡೂ ಒಂದೇ ಸೆಲ್‌ನಲ್ಲಿ ಅಪರೂಪಕ್ಕೆ ಒಟ್ಟಾಗಿರುವುದು ಕಂಡುಬಂತು. ಜನರಲ್ ಮೋಟಾರ್ಸ್ 2021ರಲ್ಲಿ 1.4 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಅದು ಕಾರ್ಖಾನೆಯ ತಪ್ಪು; ಆದರೂ ದುರಸ್ತಿ ಆಗುವವರೆಗೆ ಶೇ 90ಕ್ಕಿಂತ ಹೆಚ್ಚು ಚಾರ್ಜ್ ಮಾಡದೆ, ಕಾರನ್ನು ಮನೆಯಿಂದ ದೂರ ನಿಲ್ಲಿಸುವ ಪಾಡು ಮಾಲೀಕರದಾಯಿತು. ನಿಸ್ಸಾನ್ ಲೀಫ್ ಕಾರಿನ ಮೊದಲ ಪೀಳಿಗೆಯ ಕಥೆ ಬೇರೆ. ಅಮೆರಿಕದ ಅರಿಜೋನಾದ ಸುಡುಬಿಸಿಲಿನಲ್ಲಿ ಆ ಬ್ಯಾಟರಿಗಳು ಬೇಗನೆ ಶಕ್ತಿ ಕಳೆದುಕೊಂಡಾಗ ಸೆಲ್‌ಗಳಲ್ಲಿ ಹರಿದದ್ದಾಗಲಿ ಮಡಚಿದ್ದಾಗಲಿ ಏನೂ ಇರಲಿಲ್ಲ. ಪ್ಯಾಕ್‌ನ್ನು ತಂಪಾಗಿಸುವ ದ್ರವದ ವ್ಯವಸ್ಥೆಯನ್ನೇ ವಿನ್ಯಾಸದಲ್ಲಿ ಇಟ್ಟಿರಲಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿಯ ಹತ್ತಿರಕ್ಕೆ ಹೋಗುವ ನಮ್ಮ ಬಯಲುಸೀಮೆಯವರು ಬೋಲ್ಟ್‌ಗಿಂತ ಲೀಫ್‌ನ ಪಾಠವನ್ನು ಹೆಚ್ಚು ಗಮನಿಸಬೇಕು. ಪೂರ್ತಿ ಚಾರ್ಜ್ ಮಾಡಿ ಬಿಸಿಲಿನಲ್ಲಿ ದಿನಗಟ್ಟಲೆ ನಿಲ್ಲಿಸಿದ ಕಾರಿನ ಬ್ಯಾಟರಿ ಓಡದೆಯೂ ಸವೆಯುತ್ತದೆ.

ಸವೆತ ಬೇರೆ, ವೈಫಲ್ಯ ಬೇರೆ. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಸಿಗುವ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್‌ನ ವಾರಂಟಿಯಲ್ಲಿ, ಸಾಮರ್ಥ್ಯ ಶೇ 70ರಷ್ಟಕ್ಕೆ ಇಳಿಯುವವರೆಗಿನ ಕುಸಿತವನ್ನು ಸಹಜವೆಂದೇ ಎಣಿಸುವುದು ರೂಢಿ. ಶೇ 12 ಎಂದು ತೋರಿಸುತ್ತಿದ್ದ ಕಾರು ದಿಢೀರನೆ ನಿಂತರೆ ಅದು ಹಲವೊಮ್ಮೆ ಸವೆತವೂ ಅಲ್ಲ, ಎಣಿಕೆಯ ತಪ್ಪು. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬಗೆಯ ಸೆಲ್‌ಗಳ ವೋಲ್ಟೇಜ್ ಚಾರ್ಜ್ ಬಹುಪಾಲು ಇಳಿಯುವವರೆಗೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುವುದರಿಂದ ಎಷ್ಟು ಉಳಿದಿದೆ ಎಂದು ಬ್ಯಾಟರಿಯ ನಿರ್ವಹಣಾ ವ್ಯವಸ್ಥೆ ಅಂದಾಜಿಸುವುದು ಕಷ್ಟ. ಆಗಾಗ ಶೇ 100 ಚಾರ್ಜ್ ಮಾಡಿ ಅದರ ಲೆಕ್ಕ ಸರಿಪಡಿಸಬೇಕು. ಇನ್ನು ಅಡ್ಡಾದಿಡ್ಡಿ ಹಾಕಿದ ಹಂಪ್‌ಗೆ ತಳ ಬಡಿದೋ, ಸೀಲ್ ಬಿಟ್ಟು ನೀರು ನುಗ್ಗಿಯೋ, ಕೂಲಂಟ್ ಸೋರಿಯೋ ಪ್ಯಾಕ್‌ಗೂ ಕಾರಿನ ಮೈಗೂ ನಡುವೆ ವಿದ್ಯುತ್ ಸೋರದಂತೆ ತಡೆಯುವ ಇನ್ಸುಲೇಷನ್ ಕುಸಿದರೆ ಸುರಕ್ಷತೆಗಾಗಿ ಕಾರು ತಾನೇ ಹೊರಡಲು ನಿರಾಕರಿಸುತ್ತದೆ. ಸೆಲ್‌ಗಳೆಲ್ಲ ಗಟ್ಟಿಯಾಗಿಯೇ ಇರುತ್ತವೆ; ಮಾಲೀಕರ ಕಿವಿಗೆ ಬೀಳುವುದು ಮಾತ್ರ ಅದೇ ‘ಬ್ಯಾಟರಿ ಹೋಗಿದೆ’.

ಕಾರಣದ ಹೆಸರಿನ ಮೇಲೆಯೇ ಹಣ ಯಾರ ಜೇಬಿನಿಂದ ಹೋಗಬೇಕು ಎಂಬುದು ತೀರ್ಮಾನವಾಗುತ್ತದೆ. ಮೋಟಾರು ವಿಮೆಯ ಸಾಮಾನ್ಯ ಪಾಲಿಸಿಯು ಅಪಘಾತದ ಹಾನಿಯನ್ನು ಭರಿಸುತ್ತದೆಯೇ ಹೊರತು ಯಾಂತ್ರಿಕ ಅಥವಾ ವಿದ್ಯುತ್ ಕೆಡುಕನ್ನಲ್ಲ. ವಾರಂಟಿಯು ತಯಾರಿಕೆಯ ದೋಷವನ್ನು ಒಪ್ಪುತ್ತದೆಯೇ ಹೊರತು ಹೊರಗಿನ ಪೆಟ್ಟನ್ನಲ್ಲ. ಬರವಣಿಗೆ ಮಸುಕಾಗಿದ್ದರೆ ವಿಮಾ ಕಂಪನಿ, ಕಾರು ಕಂಪನಿ ಇಬ್ಬರೂ ಕೈ ತೊಳೆದುಕೊಳ್ಳಬಹುದು. ದೂರುಗಳ ಸಂಖ್ಯೆ ನಿಗದಿತ ಮಟ್ಟ ಮುಟ್ಟಿದಾಗ ವಾಹನಗಳನ್ನು ಹಿಂದಕ್ಕೆ ಕರೆಸುವ ನಿಯಮ 2021ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ನನ್ನ ಕಾರಿನ 12 ವೋಲ್ಟ್‌ನ ತೊಂದರೆಯೂ, ಇನ್ನೊಬ್ಬರ ಕಾರಿನ ಹರಿದ ಟ್ಯಾಬೂ ಒಂದೇ ಹೆಸರಿನಡಿ ದಾಖಲಾದರೆ ಆ ಎಣಿಕೆಯಿಂದ ಯಾವ ದೋಷವನ್ನು ಹಿಡಿಯಲಾದೀತು?

ಆದ್ದರಿಂದ ಬ್ಯಾಟರಿಗೆ ಸಂಬಂಧಿಸಿದ ಪ್ರತಿಯೊಂದು ಜಾಬ್ ಕಾರ್ಡ್‌ನಲ್ಲಿ ಕೆಟ್ಟ ಭಾಗ, ದೋಷದ ಮೂಲ, ಕಾರಿನ ಕಂಪ್ಯೂಟರ್ ತೋರಿಸಿದ ಎರರ್ ಕೋಡ್, ಅತಿ ಹೆಚ್ಚಿನ ಮತ್ತು ಅತಿ ಕಡಿಮೆ ಸೆಲ್ ವೋಲ್ಟೇಜ್, ಇನ್ಸುಲೇಷನ್ ರೀಡಿಂಗ್ ಇಷ್ಟನ್ನು ಬರೆದು ಮಾಲೀಕರಿಗೆ ಪ್ರತಿ ಕೊಡುವುದನ್ನು ಸಾರಿಗೆ ಇಲಾಖೆ ಕಡ್ಡಾಯಗೊಳಿಸಬೇಕೆಂದು ಕೋರುತ್ತೇನೆ. ಕಾರಣ ತಿಳಿಯದಿದ್ದರೆ ‘ತಿಳಿದಿಲ್ಲ’ ಎಂದು ಬರೆಯಲಿ. ಅದಕ್ಕೂ ಒಂದು ಕಲಂ ಇರಲಿ. ಪರೀಕ್ಷೆ ಮಾಡದೆ ದೋಷ ನಿರ್ಧರಿಸಲಾಗದ ವಸ್ತುವನ್ನು ಪ್ರಯೋಗಾಲಯಕ್ಕೆ ಕಳುಹಿಸುವ ಅಧಿಕಾರ 2019ರ ಗ್ರಾಹಕರ ರಕ್ಷಣಾ ಕಾಯ್ದೆಯ 38ನೇ ಸೆಕ್ಷನ್‌ನಲ್ಲಿ ಜಿಲ್ಲಾ ಆಯೋಗಕ್ಕೆ ಇದೆ. ಆದರೆ ನೂರಾರು ಕಿಲೋ ತೂಗುವ ಪ್ಯಾಕ್‌ನ್ನು ದೂರದ ಊರಿಗೆ ಸಾಗಿಸುವ ಖರ್ಚಿಗೆ ಹೆದರಿಯೇ ಅನೇಕರು ಸುಮ್ಮನಾದಾರು. ಯುಬಿಡಿಟಿಯಂತಹ ಹಳೆಯ ಎಂಜಿನಿಯರಿಂಗ್ ಕಾಲೇಜು ಇರುವ ದಾವಣಗೆರೆಯಲ್ಲಿಯೇ ಮಾನ್ಯತೆ ಪಡೆದ ಒಂದು ಬ್ಯಾಟರಿ ಪರೀಕ್ಷಾ ಕೇಂದ್ರ ತೆರೆಯಲು ಸರ್ಕಾರ ಮುಂದಾದರೆ, ಚಿತ್ರದುರ್ಗದ ಮಾಲೀಕರೂ ತಮ್ಮ ಪ್ಯಾಕ್‌ನ್ನು ಅರವತ್ತು ಕಿಲೋಮೀಟರ್‌ ಆಸುಪಾಸಿನಲ್ಲೇ ಪರೀಕ್ಷೆಗೆ ಒಪ್ಪಿಸಬಹುದು.

ತಮ್ಮ ವಿಶ್ವಾಸಿ,
ಒಬ್ಬ ಓದುಗ, ವಿದ್ಯಾನಗರ, ದಾವಣಗೆರೆ