ಮಾರಿ ಕಣಿವೆ ಪ್ರದರ್ಶನ ಮುಗಿಯಿತು, ಋಣ ಮಾತ್ರ ಉಳಿದಿದೆ

ನಮ್ಮೂರ ಶಾಲೆಯಲ್ಲಿ ಚಿತ್ರದುರ್ಗ ಜಿಲ್ಲೆಯ ಮಾರಿ ಕಣಿವೆ ಡ್ಯಾಂ ಮತ್ತು ಊರಿನ ನೀರಿನ ಕಥೆ ಕುರಿತು ಇಟ್ಟಿದ್ದ ಪ್ರದರ್ಶನ ಭಾನುವಾರ ಮುಗಿಯಿತು. ಇಷ್ಟು ಜನ ಬರುತ್ತಾರೆ ಅಂತ ಅಂದುಕೊಂಡಿರಲಿಲ್ಲ. ಹಿರಿಯೂರಿನಿಂದ ಬಂದರು, ಹೊಸದುರ್ಗದ ಕಡೆಯಿಂದಲೂ ಬಂದರು. ನಡುವೆ ಅಪ್ಪ ಆಸ್ಪತ್ರೆ ಸೇರಿದ್ದು ನಿಮಗೆಲ್ಲ ಗೊತ್ತು, ಅದನ್ನು ಮತ್ತೆ ಹೇಳಲ್ಲ. ಈಗ ಮನೆಯಲ್ಲಿದ್ದಾರೆ. ಗಂಜಿ ಬಿಟ್ಟು ಮುದ್ದೆಗೆ ಬಂದಿದ್ದಾರೆ.

ಕೊಠಡಿ ಬಿಟ್ಟುಕೊಟ್ಟ ಮೇಷ್ಟ್ರು, ಹಳೇ ಫೋಟೊ ಕೊಟ್ಟ ಮನೆಗಳವರು, ಬ್ಯಾನರ್ ಕಟ್ಟಿದ ಹುಡುಗರು, ಬೆಂಗಳೂರಿನಿಂದ ದುಡ್ಡು ಕಳಿಸಿದ ಗೆಳತಿಯರು, ಮೂರು ಹೊತ್ತೂ ನಮಗೆ ಊಟ ಹಾಕಿದ ಚಿಕ್ಕಮ್ಮ, ಎಲ್ಲರಿಗೂ ಮನಸಾರೆ ವಂದನೆ.

ಈ ಕೆಲಸ ಶುರುವಾಗಿದ್ದು ಅಪ್ಪನ ನೋಟ್‌ಬುಕ್ಕಿನಿಂದ. ಪೇಪರಿನಲ್ಲಿ ಬರುವ ಡ್ಯಾಂ ಮಟ್ಟವನ್ನು ಅಪ್ಪ ವರ್ಷಗಟ್ಟಲೆ ಬರೆದಿಟ್ಟಿದ್ದಾರೆ. ನಮ್ಮ ಕಡೆ ಮಳೆ ನೋಡುವ ಮೊದಲು ಜನ ಮಟ್ಟ ನೋಡುತ್ತಾರೆ. ಕೋಡಿ ಬೀಳಬೇಕಾದರೆ, ಅಂದರೆ ಡ್ಯಾಂ ತುಂಬಿ ನೀರು ತಾನಾಗೇ ಹೊರಗೆ ಹರಿಯಬೇಕಾದರೆ, 130 ಅಡಿ ಆಗಬೇಕು. ವೇದಾವತಿಗೆ ಅಡ್ಡವಾಗಿ, ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ, ಕಲ್ಲು ಗಾರೆಯಲ್ಲಿ ಕಟ್ಟಿದ ಡ್ಯಾಂ ಇದು. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಮಹಾರಾಣಿ ಕೆಂಪನಂಜಮ್ಮಣ್ಣಿ ಆಡಳಿತ ನೋಡುತ್ತಿದ್ದ ಕಾಲದಲ್ಲಿ ಕೆಲಸ ಶುರುವಾಗಿ, ಮುಗಿಯಲು ಹತ್ತಿರ ಹತ್ತಿರ ಹತ್ತು ವರ್ಷ ಹಿಡಿಯಿತು. ವಾಣಿ ವಿಲಾಸ ಸನ್ನಿಧಾನ ಅಂತ ಕರೆಸಿಕೊಳ್ಳುತ್ತಿದ್ದ ಆ ತಾಯಿಯ ಹೆಸರೇ ಡ್ಯಾಮಿಗೂ ಬಂತು, ವಾಣಿ ವಿಲಾಸ ಸಾಗರ ಅಂತ. ಸುಮಾರು 30 ಟಿಎಂಸಿ (3,000 ಕೋಟಿ ಘನ ಅಡಿ) ನೀರು ಹಿಡಿಯುವ ಇದು 1933ರಲ್ಲಿ ಕೋಡಿ ಬಿತ್ತು. ಆಮೇಲೆ ಬಿದ್ದಿದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷ ಕಳೆದ ಮೇಲೆ. ಅಷ್ಟು ವರ್ಷ ಕೋಡಿ ಅನ್ನುವುದು ನಮಗೆ ಬರೀ ಹಿರಿಯರ ಬಾಯಿಮಾತಾಗಿತ್ತು.

ಈ ಇಸವಿ, ಅಂಕಿಗಳೆಲ್ಲ ಹುಡುಕಿದರೆ ಸಿಗುತ್ತವೆ. ನೀರು ಊರೊಳಗೆ ಹೇಗೆ ಬಂತು, ಯಾರ ಮನೆಗೆ ಮೊದಲು ಬಂತು, ಯಾರಿಗೆ ಕೊನೆಗೆ ಸಿಕ್ಕಿತು ಅನ್ನುವುದು ಮಾತ್ರ ಎಲ್ಲೂ ಸಿಗಲ್ಲ. ಅದನ್ನೆಲ್ಲ ಹೇಳಿದ್ದು ನಮ್ಮ ನೀರುಗಂಟಿ ಮಾವ. ಈ ಬರಹವನ್ನೂ ಅವರಿಗೋಸ್ಕರವೇ ಬರೆಯುತ್ತಿದ್ದೇನೆ.

ಮಾವ ವಯಸ್ಸಿದ್ದಾಗ ಡ್ಯಾಮಿನ ಚಾನೆಲ್ (ಕಾಲುವೆ) ಮೇಲೆ ನೀರು ತಿರುಗಿಸುತ್ತಿದ್ದವರು. ಬರ ಬಿದ್ದು ಹೊಲ ತೋಟಕ್ಕೆ ನೀರು ನಿಂತಾಗ ಆ ಕೆಲಸವೂ ನಿಂತಿತು. ಆಮೇಲೆ ಊರಿನ ಕುಡಿಯುವ ನೀರಿನ ವಾಲ್ವ್ ತಿರುಗಿಸಲು ಬಂದರು. 2017ರ ಸುಮಾರಿನ ಆ ವರ್ಷಗಳು ನೆನಪಿರಬೇಕಲ್ವಾ? ಡ್ಯಾಂ ಡೆಡ್ ಸ್ಟೋರೇಜ್ ಹತ್ತಿರ, ಅಂದರೆ ತೂಬಿನಿಂದ ಹರಿದು ಬಾರದ ತಳದ ನೀರಿನ ಹತ್ತಿರ ಬಂದಿತ್ತು. ಹಿರಿಯೂರು, ಚಿತ್ರದುರ್ಗ, ಚಳ್ಳಕೆರೆಯ ಜನ ಕುಡಿಯಬೇಕಾಗಿದ್ದೂ ಅದೇ ತಳದ ನೀರನ್ನು. ತೆಂಗಿನ ತೋಟಗಳು ನಿಂತಲ್ಲೇ ಒಣಗಿದವು, ನಮ್ಮದೂ ಸೇರಿ. ಬೋರ್‌ವೆಲ್ ಇದ್ದರೂ ಅದರಲ್ಲಿ ಫ್ಲೋರೈಡ್, ಮಕ್ಕಳ ಹಲ್ಲು ನೋಡಿದರೆ ಸಾಕಿತ್ತು. ಆಗ ಮಾವ ಪೈಪಿನ ಕೊನೇ ಬೀದಿಗೆ ಮೊದಲು ನೀರು ಬಿಡುತ್ತಿದ್ದರು. ದೊಡ್ಡ ಮನೆಯವರು ಬಂದು ಜಗಳ ಮಾಡಿದರು. ಅಪ್ಪನೂ ಮಾಡಿದ್ದರು, ಆಮೇಲೆ ತುಂಬಾ ದಿನ ಇಬ್ಬರಿಗೂ ಮಾತಿರಲಿಲ್ಲ. ಮಾವ ಮಾತ್ರ ಪಾಳಿ ಬದಲಾಯಿಸಲಿಲ್ಲ.

ಆ ಮಾವನೇ ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ ರಾತ್ರಿ ಕಂಬಳಿ ಹೆಗಲ ಮೇಲೆ ಹಾಕಿಕೊಂಡು ಬಂದರು. ಯಾರೂ ಕರೆದಿರಲಿಲ್ಲ. ನಡುರಾತ್ರಿ ಡಾಕ್ಟರು ನನ್ನನ್ನು ಹೊರಗೆ ಕರೆದು ಒಂದು ಕಾಗದಕ್ಕೆ ಸಹಿ ಮಾಡಿ ಅಂದರು. ಅಕ್ಷರಗಳೇ ಕಾಣಲಿಲ್ಲ ನನಗೆ. ಸಹಿ ಮಾಡಿದೆ. ಆಮೇಲೆ ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟೆ, ಎದ್ದು ನಿಲ್ಲಲು ಆಗಲಿಲ್ಲ. ಅಪ್ಪ ಇಲ್ಲದ ಮನೆ ಹೇಗಿರುತ್ತದೆ ಅಂತ ಅವತ್ತು ಮೊದಲ ಸಲ ಕಣ್ಣ ಮುಂದೆ ಬಂತು. ಇದನ್ನು ಬರೆಯುವಾಗಲೂ ಕೈ ನಡುಗುತ್ತಿದೆ.

ಮಾವ ಸಮಾಧಾನ ಹೇಳಲಿಲ್ಲ. ಪಕ್ಕದಲ್ಲಿ ಕೂತು ಕಣಿವೆ ಕಥೆ ಶುರು ಮಾಡಿದರು. ಅವರ ತಾತ ಡ್ಯಾಂ ಕಟ್ಟುವಾಗ ಗಾರೆ ಹೊತ್ತಿದ್ದು, ಅವರ ಅಪ್ಪ 1933ರ ಕೋಡಿ ನೋಡಲು ಗಾಡಿ ಕಟ್ಟಿಕೊಂಡು ಹೋಗಿದ್ದು, ರಾತ್ರಿ ಯಾರಾದರೂ ತೂಬು ಒಡೆದಾರು ಅಂತ ತಾವು ಲಾಟೀನು, ಸಲಿಕೆ ಇಟ್ಟುಕೊಂಡು ಅಲ್ಲೇ ಕಾಯುತ್ತಿದ್ದುದು, ಎಲ್ಲ ಹೇಳಿದರು. ನೀವೂ ಸ್ವಲ್ಪ ಮಲಗಿ ಮಾವ ಅಂದೆ. "ರಾತ್ರಿ ಪಾಳಿ ಬಂದ್ರೆ ಮಲಗಂಗಿಲ್ಲ ಕಣವ್ವ, ನಾವು ಮಲಗಿದ್ರೆ ಕೊನೇ ಹೊಲದೋನಿಗೆ ನೀರು ಸಿಗಲ್ಲ" ಅಂದರು. ಬೆಳಗಾಗುವ ತನಕ ಹಾಗೇ ಕೂತಿದ್ದರು. ನರ್ಸ್ ಬಂದು, ನಿಮ್ಮ ತಂದೆ ಕಣ್ಣು ಬಿಟ್ಟರು, ಯಾರೋ ಭಾವನ ಹೆಸರು ಹೇಳುತ್ತಿದ್ದಾರೆ ಅಂದಾಗ ಮೊದಲು ಎದ್ದು ಒಳಗೆ ಹೋದದ್ದೂ ಅವರೇ. ಪ್ರದರ್ಶನದಲ್ಲಿ ನೀವು ನಿಂತು ಓದಿದ ಮಾತುಗಳಲ್ಲಿ ಮುಕ್ಕಾಲು ಪಾಲು ಆ ರಾತ್ರಿ ಕೇಳಿದವು.

ಇನ್ನೊಂದು ಮಾತು. ಕೋಡಿ ಬಿದ್ದಾಗ ನಾವು ಬಾಗಿನ, ಹೂವು ಅಂತ ಸಂಭ್ರಮಪಟ್ಟೆವು. ಹಿನ್ನೀರಿನ ಕಡೆಯವರ ಹೊಲ ತೋಟಗಳು ಅದೇ ಹೊತ್ತಿಗೆ ಮುಳುಗಿದ್ದವು. ಹೊಸದುರ್ಗದಿಂದ ಬಂದ ಅಕ್ಕ ಒಬ್ಬರು ನಮ್ಮ ಕಥೆ ಎಲ್ಲಿ ಅಂತ ಕೇಳಿದರು. ಕೇಳಿದ್ದು ಒಳ್ಳೆಯದಾಯಿತು, ಅವರಿಗೆ ವಿಶೇಷ ವಂದನೆ. ಮುಂದಿನ ಸಲ ಅವರ ಗೋಡೆಯೇ ಮೊದಲು.

ಫೋಟೊ ಕೊಟ್ಟವರು ಶನಿವಾರ ಶಾಲೆಗೆ ಬಂದು ತೆಗೆದುಕೊಂಡು ಹೋಗಿ. ಅಪ್ಪನ ನೋಟ್‌ಬುಕ್ ಶಾಲೆಯಲ್ಲೇ ಇರುತ್ತದೆ, ಈ ವಾರದಿಂದ ಮಟ್ಟ ಬರೆಯುವುದು ಏಳನೇ ತರಗತಿಯ ಮಕ್ಕಳು. ಮಾವನಿಗೆ ಫೋನಿನಲ್ಲಿ ಓದಲು ಬರಲ್ಲ, ಅವರ ಮೊಮ್ಮಗಳೇ, ಇಷ್ಟನ್ನೂ ನಿಧಾನವಾಗಿ ಓದಿ ಹೇಳಮ್ಮ.