ಪ್ರಶ್ನೆ ಕೇಳಿದವರನ್ನು ಮೊದಲು ಹುಡುಕು

ಪ್ರೀತಿಯ ತಂಗಿ,

ನಿನ್ನ ಲೇಖನ ಓದಿದೆ. ಆಧುನಿಕ ಸಮಾಜದ ಜೊತೆ ಕ್ರೈಸ್ತ ದೈವಶಾಸ್ತ್ರವೂ ಬದಲಾಯಿತು ಅಂತ ಬರೆದಿದ್ದೀಯ. ಮಾತು ಸರಿ. ಆದರೆ ಪೋಪ್‌ಗಳು, ಪಂಡಿತರು, ಇಸವಿಗಳು ಸಾಲಾಗಿ ಬರುತ್ತವೆಯೇ ಹೊರತು ಅವರಿಗೆ ಪ್ರಶ್ನೆ ಹಾಕಿದ ಜನ ಎಲ್ಲೂ ಕಾಣುವುದಿಲ್ಲ. ದೇವರ ಬಗ್ಗೆ ಹೊಸ ಮಾತು ಸುಮ್ನೆ ಹುಟ್ಟುವುದಿಲ್ಲ. ಹಳೇ ಉತ್ತರ ಸಾಲದೆ ಯಾರೋ ಒದ್ದಾಡಿದಾಗ ಹುಟ್ಟುತ್ತದೆ. ಅವರು ಯಾರು ಅಂತ ಮೊದಲು ಹುಡುಕು.

1891ರಲ್ಲಿ ಪೋಪ್ ಹದಿಮೂರನೇ ಲಿಯೋ ಕಾರ್ಮಿಕರ ಬಗ್ಗೆ ಪತ್ರ ಹೊರಡಿಸಿದ್ದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ಆಗ ಯುರೋಪಿನ ಕಾರ್ಖಾನೆಗಳಲ್ಲಿ ದುಡಿದವರಿಗೆ ಸಿಗುತ್ತಿದ್ದ ಕೂಲಿ ಹೊಟ್ಟೆಗೆ ಸಾಲುತ್ತಿರಲಿಲ್ಲ. ಅವರಲ್ಲಿ ಎಷ್ಟೋ ಜನ ಚರ್ಚ್ ಬಿಟ್ಟು ಸಮಾಜವಾದಿಗಳ ಕಡೆ ನಡೆದಿದ್ದರು. ಇದನ್ನು ಹೇಳಿ ನೋಡು. ನ್ಯಾಯವಾದ ಕೂಲಿ, ಸಂಘ ಕಟ್ಟುವ ಹಕ್ಕಿನ ಮಾತು ಪೋಪ್ ಬಾಯಲ್ಲಿ ಯಾಕೆ ಬಂತು ಅಂತ ಓದುಗರಿಗೇ ಗೊತ್ತಾಗುತ್ತದೆ.

ಬದಲಾವಣೆ ಒಂದೇ ದಿಕ್ಕಿಗೆ ಹೋಯಿತು ಅಂತಲೂ ಬರೆಯಬೇಡ. 1907ರಲ್ಲಿ ಪೋಪ್ ಹತ್ತನೇ ಪಯಸ್ ಆಧುನಿಕತಾವಾದವನ್ನೇ, ಅಂದರೆ ನಂಬಿಕೆಯನ್ನು ಹೊಸ ಕಾಲದ ವಿಚಾರಕ್ಕೆ ಹೊಂದಿಸಿ ಓದುವ ಪ್ರಯತ್ನವನ್ನೇ, ಖಂಡಿಸಿದರು. 1910ರಿಂದ 1967ರವರೆಗೆ ಕ್ಯಾಥೋಲಿಕ್ ಗುರುಗಳು (ಪಾದ್ರಿಗಳು) ಅದರ ವಿರುದ್ಧ ಪ್ರಮಾಣ ಮಾಡಬೇಕಿತ್ತು. ಆ ಪ್ರಮಾಣ ಇನ್ನೂ ಜಾರಿಯಲ್ಲಿದ್ದಾಗಲೇ, 1962ರಿಂದ 65ರವರೆಗೆ, ಲೋಕದ ಕ್ಯಾಥೋಲಿಕ್ ಬಿಷಪ್‌ಗಳೆಲ್ಲ ಸೇರಿದ ಎರಡನೇ ವ್ಯಾಟಿಕನ್ ಸಭೆ ನಡೆಯಿತು. ಬೇರೆ ಧರ್ಮಗಳಲ್ಲಿರುವ ಸತ್ಯವನ್ನೂ ಪಾವನವಾದದ್ದನ್ನೂ ಚರ್ಚ್ ತಳ್ಳಿಹಾಕುವುದಿಲ್ಲ ಅಂತ ಆ ಸಭೆ ಸಾರಿತು. ಅಲ್ಲಿಯವರೆಗೆ ಲ್ಯಾಟಿನ್‌ನಲ್ಲಿ ನಡೆಯುತ್ತಿದ್ದ ಬಲಿಪೂಜೆ, ಅಂದರೆ ಚರ್ಚಿನ ಮುಖ್ಯ ಆರಾಧನೆ, ಜನರ ಭಾಷೆಗೆ ಬರಲು ಬಾಗಿಲು ತೆರೆಯಿತು. ನಮ್ಮ ಬಳ್ಳಾರಿಯಲ್ಲಿ ಈ ಕಥೆಗೆ ಇನ್ನೊಂದು ಎಳೆ ಇದೆ. 1810ರಲ್ಲೇ ಲಂಡನ್ ಮಿಷನ್ ಅನ್ನುವ ಪ್ರೊಟೆಸ್ಟೆಂಟ್ ಸಂಸ್ಥೆಯ ಜಾನ್ ಹ್ಯಾಂಡ್ಸ್ ಇಲ್ಲಿಗೆ ಬಂದು, ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೂತಿದ್ದರು. ಅಂದರೆ ಒಂದೇ ಊರಲ್ಲಿ ಬಹಳ ಕಾಲ ಪ್ರೊಟೆಸ್ಟೆಂಟರ ಆರಾಧನೆ ಕನ್ನಡದಲ್ಲಿ, ಕ್ಯಾಥೋಲಿಕರ ಪೂಜೆ ಲ್ಯಾಟಿನ್‌ನಲ್ಲಿ! ಲ್ಯಾಟಿನ್ ಪೂಜೆ ನೆನಪಿರುವ ಹಿರಿಯರು ಇನ್ನೂ ಸಿಗಬಹುದು. ಹೋಗಿ ಮಾತಾಡಿಸು. ಗುರುಗಳು ಬಲಿಪೀಠದ ಕಡೆ ಮುಖ ಮಾಡಿ ಲ್ಯಾಟಿನ್‌ನಲ್ಲಿ ಓದುವಾಗ, ಹಿಂದೆ ಕೂತವರು ಜಪಸರ ಹಿಡಿದು ಏನು ಮಾಡುತ್ತಿದ್ದರು ಅಂತ ಕೇಳು.

ನನಗೆ ಜಾಸ್ತಿ ಬೇಸರವಾಗಿದ್ದು ದಲಿತ ದೈವಶಾಸ್ತ್ರ ನಿನ್ನ ಲೇಖನದಲ್ಲಿ ಅಡಿಟಿಪ್ಪಣಿಯಾಗಿದ್ದಕ್ಕೆ. ಲ್ಯಾಟಿನ್ ಅಮೆರಿಕದ ವಿಮೋಚನಾ ದೈವಶಾಸ್ತ್ರಕ್ಕೆ ಎರಡು ಪುಟ ಕೊಟ್ಟಿದ್ದೀಯ. ಕೊಡು, ತಪ್ಪೇನಿಲ್ಲ. ಅದು ಬಡತನವನ್ನು ನೋಡಿತು. ಆದರೆ ಜಾತಿಯ ಪ್ರಶ್ನೆ ಎತ್ತಬೇಕಾದವರು ನಾವೇ ಅಲ್ವಾ? 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ದೈವಶಾಸ್ತ್ರಜ್ಞ ಅರವಿಂದ್ ನಿರ್ಮಲ್ ಅದನ್ನು ಎತ್ತಿದರು. ಭಾರತದ ಚರ್ಚುಗಳಲ್ಲಿ ದಲಿತರೇ ಹೆಚ್ಚು. ದೈವಶಾಸ್ತ್ರ ಮಾತ್ರ ಮೇಲ್ಜಾತಿಯ ತತ್ವಜ್ಞಾನದ ಜೊತೆ ಮಾತಾಡುತ್ತಾ ಕೂತಿತ್ತು. ದಲಿತರ ನೋವಿನಿಂದಲೇ ಶುರು ಮಾಡಬೇಕು ಅಂದರು ನಿರ್ಮಲ್. ದಲಿತರ ದೇವರು ಸೇವೆ ಮಾಡುವ ದೇವರು, ಏಸುವೂ ದಲಿತನೇ ಅಂದರು. ದೀಕ್ಷಾಸ್ನಾನ ಪಡೆದ ಮೇಲೂ ಬೇರೆ ಬೆಂಚು, ಬೇರೆ ಸಮಾಧಿ ಜಾಗ ಕಂಡವರಿಗೆ ಈ ಮಾತು ಎಷ್ಟು ದೊಡ್ಡದು! ನಿನ್ನ ಲೇಖನ ಇಲ್ಲಿಂದಲೇ ಶುರುವಾಗಲಿ.

ಮಹಿಳೆಯರ ಭಾಗದಲ್ಲಿ ಎರಡೂ ಕಡೆ ಹೇಳು. 2013ರಲ್ಲಿ ಪಕ್ಕದ ನಂದ್ಯಾಲದಲ್ಲಿ ಪುಷ್ಪಲಲಿತಾ ಸಿಎಸ್‌ಐ (ದಕ್ಷಿಣ ಭಾರತದ ಪ್ರೊಟೆಸ್ಟೆಂಟ್ ಚರ್ಚು) ಸಭೆಯ ಮೊದಲ ಮಹಿಳಾ ಬಿಷಪ್ ಆದರು. ಕ್ಯಾಥೋಲಿಕ್ ಚರ್ಚಿನಲ್ಲಿ ಇವತ್ತಿಗೂ ಮಹಿಳೆಯರಿಗೆ ಗುರುದೀಕ್ಷೆ ಇಲ್ಲ, ಅಂದರೆ ಅವರು ಪಾದ್ರಿಯಾಗುವಂತಿಲ್ಲ.

ಕೊನೆಯಲ್ಲಿ 2015ರ ಪೋಪ್ ಫ್ರಾನ್ಸಿಸ್ ಪತ್ರ ಬರುತ್ತದೆ. ಭೂಮಿಯ ಅಳಲನ್ನೂ ಬಡವರ ಅಳಲನ್ನೂ ಒಟ್ಟಿಗೆ ಕೇಳಬೇಕು ಅನ್ನುವ ಪತ್ರ. ನೀನು ಅಮೆಜಾನ್ ಕಾಡಿನ ಉದಾಹರಣೆ ಕೊಟ್ಟಿದ್ದೀಯ. ಸಂಡೂರು ನಿನ್ನ ಮನೆಯಿಂದ ಎಷ್ಟು ದೂರ? 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಅದಕ್ಕೂ ಮೊದಲು ಅದಿರಿನ ಲಾರಿಗಳು ಓಡಾಡಿದ ರಸ್ತೆ ಬದಿಯಲ್ಲಿ ಬೆಳೆಯ ಎಲೆ ಎಲೆಗೂ ಕೆಂಪು ಧೂಳು ಕೂತಿತ್ತು. ಗಣಿ ನಿಂತಾಗ ಕೂಲಿಯೂ ನಿಂತಿತು. ಧೂಳು ತಿಂದವರು, ಕೂಲಿ ಕಳೆದುಕೊಂಡವರು ಎಷ್ಟೋ ಸಲ ಒಂದೇ ಮನೆಯವರು. ಅವರ ಮುಂದೆ ನಿಂತು ಪಾಸ್ಟರ್ ಭಾನುವಾರ ಏನು ಪ್ರಸಂಗ ಮಾಡಬೇಕು? ಅದನ್ನು ಅಲ್ಲಿನವರನ್ನೇ ಕೇಳಿ ಬರೆದು, ಆಮೇಲೆ ಲೇಖನ ಕಳಿಸು. ಅವಸರವೇನಿಲ್ಲ, ನಾನು ಕಾಯುತ್ತೇನೆ.

ನಿನ್ನ ಅಣ್ಣ
ಬಳ್ಳಾರಿ