ಬುದ್ಧ ಮನೆ ಬಿಟ್ಟಿದ್ದೇಕೆ? ಎರಡೂ ಕತೆ ಹಾಕಿ

ಮಾನ್ಯ ಸಂಪಾದಕರೇ,

ಬುದ್ಧ ಪೂರ್ಣಿಮೆ ಬಂತೆಂದರೆ ಪತ್ರಿಕೆಗಳಲ್ಲಿ ಜಾಸ್ತಿ ಕಾಣುವುದು ಒಂದೇ ಕತೆ. ಸಿದ್ಧಾರ್ಥ ರಥದಲ್ಲಿ ಹೋಗುವಾಗ ಮುದುಕ, ರೋಗಿ, ಹೆಣ, ಸನ್ಯಾಸಿಯನ್ನು ನೋಡಿದ, ಮಲಗಿದ್ದ ಹೆಂಡತಿ ಮಗುವನ್ನು ಬಿಟ್ಟು ರಾತ್ರೋರಾತ್ರಿ ಹೊರಟ. ಅಂಬೇಡ್ಕರ್ ಅವರು ಇದನ್ನು ಒಪ್ಪಲಿಲ್ಲ. 29 ವರ್ಷದವನು ಅಲ್ಲಿಯವರೆಗೆ ಮುದುಕರನ್ನೇ ನೋಡಿರಲಿಲ್ಲ ಅಂದರೆ ನಂಬೋದು ಹೇಗೆ ಎಂಬುದು ಅವರ ಪ್ರಶ್ನೆ.

ಅವರು ತೀರಿಕೊಂಡ ಮೇಲೆ, 1957ರಲ್ಲಿ ಬಂದ 'ಬುದ್ಧ ಮತ್ತು ಅವನ ಧಮ್ಮ' ಎಂಬ ಅವರ ಪುಸ್ತಕದಲ್ಲಿ ಬೇರೆಯೇ ಸಿದ್ಧಾರ್ಥನಿದ್ದಾನೆ. ರೋಹಿಣಿ ನದಿಯ ನೀರಿಗಾಗಿ ಸಿದ್ಧಾರ್ಥನ ಕುಲದವರಾದ ಶಾಕ್ಯರಿಗೂ ನೆರೆಯ ಕೋಲಿಯರಿಗೂ ಜಗಳ. ಶಾಕ್ಯರ ಸಭೆಯಲ್ಲಿ ಯುದ್ಧದ ಠರಾವು ಬರುತ್ತದೆ. ಸಿದ್ಧಾರ್ಥ ಎದ್ದು ನಿಂತು ಬೇಡ ಎನ್ನುತ್ತಾನೆ. ನಮ್ಮವರು ಇಬ್ಬರು, ಅವರ ಕಡೆಯ ಇಬ್ಬರು, ಈ ನಾಲ್ವರು ಸೇರಿ ಆರಿಸಿದ ಐದನೆಯವನು ಕೂತು ತೀರ್ಮಾನ ಮಾಡಲಿ ಎನ್ನುತ್ತಾನೆ. ಮತಕ್ಕೆ ಹಾಕಿದಾಗ ಸೋಲುತ್ತಾನೆ. ಸೋತರೂ ಯುದ್ಧಕ್ಕೆ ಒಪ್ಪದ ತನ್ನಿಂದಾಗಿ ಮನೆಯವರಿಗೆ ಬಹಿಷ್ಕಾರ ಬೀಳಬಾರದೆಂದು ತಾನೇ ದೇಶ ಬಿಡುತ್ತಾನೆ. ಯಶೋಧರೆ ನಿದ್ದೆಯಲ್ಲಿಲ್ಲ, ಎಲ್ಲ ತಿಳಿದು ಒಪ್ಪಿ ಕಳಿಸುತ್ತಾಳೆ. ಸಂವಿಧಾನದ ಕರಡು ಬರೆದ ಕೈಯೇ ಈ ಸಭೆಯನ್ನೂ ಬರೆದಿದೆ ಎಂದು ನನಗೆ ಅನ್ನಿಸುತ್ತದೆ. ಬಹಿಷ್ಕಾರದ ನೋವು ಉಂಡವರಿಗೆ ಅಳುಕದೆ ಎದ್ದು ನಿಲ್ಲುವ ಬುದ್ಧ ಬೇಕಿತ್ತು, ಅಲ್ವಾ?

ನನ್ನ ಬೇಸರ ಬೇರೆ. ಈಗ ಕೆಲವರು ನೀರಿನ ಜಗಳವೇ ಇತಿಹಾಸ, ಉಳಿದದ್ದು ಸುಳ್ಳು ಎನ್ನುತ್ತಾರೆ. ಇನ್ನು ಕೆಲವರು ಅಂಬೇಡ್ಕರ್ ಸುಮ್ನೆ ಕಟ್ಟಿದರು ಎಂದು ತಳ್ಳಿಹಾಕುತ್ತಾರೆ. ಎರಡೂ ಸರಿಯಲ್ಲ. ಪಾಲಿ ಅಟ್ಠಕಥೆಗಳಲ್ಲಿ, ಅಂದರೆ ಬೌದ್ಧ ಗ್ರಂಥಗಳಿಗೆ ಬರೆದ ಹಳೆಯ ವ್ಯಾಖ್ಯಾನಗಳಲ್ಲಿ, ರೋಹಿಣಿಯ ಜಗಳ ಇದೆ. ಆದರೆ ಅಲ್ಲಿ ಅದನ್ನು ಬಿಡಿಸುವವನು ಸಿದ್ಧಾರ್ಥನಲ್ಲ, ಆಗಲೇ ಬುದ್ಧನಾದವನು. ಜನ ಕಡಿಮೆ ನೀರಿನ ಮೀನುಗಳಂತೆ ಒದ್ದಾಡುವುದನ್ನು ಕಂಡು ಭಯವಾಯಿತು ಎಂಬ ಮಾತು ಸುತ್ತನಿಪಾತ ಎಂಬ ಪಾಲಿ ಗ್ರಂಥದ ಅತ್ತದಂಡ ಸುತ್ತದಲ್ಲಿದೆ (ಸುತ್ತ ಎಂದರೆ ಬುದ್ಧನ ಉಪದೇಶ). ಜಗಳವೇ ಮನೆ ಬಿಡಲು ಕಾರಣ ಎಂಬ ಓದಿಗೆ ಬೌದ್ಧ ವಿದ್ವಾಂಸ ಧರ್ಮಾನಂದ ಕೋಸಂಬಿ ಮೊದಲೇ ದಾರಿ ಮಾಡಿದ್ದರು. ಇನ್ನು ಉಪದೇಶಗಳ ಸಂಗ್ರಹವಾದ ಮಜ್ಝಿಮನಿಕಾಯದ ಅರಿಯಪರಿಯೇಸನ ಸುತ್ತದಲ್ಲಿ, ತಾನು ಹೊರಟ ಬಗೆಯನ್ನು ಬುದ್ಧ ತಾನೇ ಹೇಳುವುದು ಇಷ್ಟೇ: ತಲೆಗೂದಲು ಇನ್ನೂ ಕಪ್ಪಗಿತ್ತು, ತಂದೆ ತಾಯಿ ಅಳುತ್ತಿದ್ದರು, ತಲೆ ಬೋಳಿಸಿಕೊಂಡು ಹೊರಟೆ. ಅಲ್ಲಿ ರಥವೂ ಇಲ್ಲ, ರೋಹಿಣಿಯೂ ಇಲ್ಲ.

ತಮ್ಮ ಪ್ರಶ್ನೆಗಳೇನು ಎಂದು ಅಂಬೇಡ್ಕರ್ ಮುನ್ನುಡಿಯಲ್ಲೇ ಬಿಚ್ಚಿಟ್ಟಿದ್ದಾರೆ. ನಾವೂ ಅಷ್ಟೇ ಬಿಚ್ಚುಮನಸ್ಸಿನಿಂದ ಓದಬೇಕು. ಮುಂದಿನ ಬುದ್ಧ ಪೂರ್ಣಿಮೆಗೆ ಆ ಸಭೆಯ ಭಾಗವನ್ನೂ ಅರಿಯಪರಿಯೇಸನ ಸುತ್ತದ ಸಾಲುಗಳನ್ನೂ ಪಕ್ಕಪಕ್ಕದಲ್ಲಿ ಅಚ್ಚು ಹಾಕಿ. ಯಾವುದು ಎಲ್ಲಿಂದ ಬಂತೆಂದು ಕೆಳಗೆ ಒಂದು ಸಾಲು ಬರೆದರೆ ಸಾಕು.

– ನಿಮ್ಮ ಓದುಗ, ತುಮಕೂರು